ಕಲಾಯಿಗಾರನ ಮನೆಯ ತಪ್ಪಲೆ

"ಗುರುಗಳೇ, ಒಬ್ಬರ ಕಾಲ್ಗುಣದಿಂದ ಇಡೀ ಮನೆ ಹಾಳಾಗುವುದುಂಟೆ?"

ಕೇಳಿದವನು ಶಿಷ್ಯ ಪಂಪಣ್ಣ. ನಾಲ್ಕು ದಿನ ಮಠದ ಕಡೆ ಸುಳಿಯದಿದ್ದವನು ಆ ಬೆಳಿಗ್ಗೆ ಬಂದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ತಂದೆಗೂ ತಮ್ಮನಿಗೂ ವಾಂತಿ ನಿಂತಿರಲಿಲ್ಲ.

"ಏನಾಗುತ್ತಿದೆಯೋ ತಿಳಿಯುತ್ತಿಲ್ಲ, ಕೈಕಾಲೇ ಆಡುತ್ತಿಲ್ಲ," ಎಂದ ಅವನು. "ತಮ್ಮನ ಹೆಂಡತಿ ಮನೆ ತುಂಬಿ ಇನ್ನೂ ತಿಂಗಳಾಗಿಲ್ಲ. ಎಲ್ಲರೂ ಹಾಸಿಗೆ ಹಿಡಿದರು. ಅವಳೊಬ್ಬಳಿಗೆ ಒಂದು ಸೀನೂ ಬಂದಿಲ್ಲ. ನಾಳೆ ಅವಳನ್ನು ತವರಿಗೆ ಬಿಟ್ಟುಬರಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ."

"ನಾಳೆ ತಾನೆ? ಇನ್ನೂ ಹೊತ್ತಿದೆ. ಕೂತುಕೋ ಮಾರಾಯ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕಲಾಯಿಗಾರನಿದ್ದ. ತಾಮ್ರದ ಪಾತ್ರೆಗಳ ಒಳಗೆ ಬಿಳಿಯ ಕಲಾಯಿ ಹಚ್ಚುವುದು ಅವನ ಕಸುಬು. ಭಾರಿ ಕೈಗುಣ, ಅದಕ್ಕೆ ತಕ್ಕ ಜಂಬ. ಯಾರದಾದರೂ ಪಾತ್ರೆಯನ್ನು ದೂರದಿಂದ ನೋಡಿಯೇ ಗದರುತ್ತಿದ್ದ: "ಕಲಾಯಿ ಹೋಗಿದೆಯಲ್ಲಮ್ಮ! ಇದರಲ್ಲಿ ಹುಳಿ ಬೇಯಿಸಿದರೆ ಕಿಲುಬು ಏಳುತ್ತದೆ. ಮನೆಯವರಿಗೆ ವಿಷ ಹಾಕುತ್ತೀಯಾ?"

ಅವನ ಮನೆಯಲ್ಲೂ ಒಂದು ದೊಡ್ಡ ತಾಮ್ರದ ತಪ್ಪಲೆ ಇತ್ತು. ಅದಕ್ಕೆ ಕಲಾಯಿ ಹಾಕಿ ವರ್ಷಗಳೇ ಕಳೆದಿದ್ದವು. ಹೆಂಡತಿ ಕೇಳಿದಾಗಲೆಲ್ಲ, "ಮನೆ ಪಾತ್ರೆ ಎಲ್ಲಿಗೆ ಓಡಿಹೋಗುತ್ತದೆ? ನಾಳೆ ನೋಡೋಣ," ಎನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ. ಆಕೆ ಅದರಲ್ಲಿ ಬೇಳೆಯಷ್ಟೇ ಬೇಯಿಸುತ್ತಿದ್ದಳು, ಹೇಗೋ ನಡೆದಿತ್ತು.

ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಬಂದ ಎರಡನೇ ದಿನವೇ ಅವಳು, "ಮಾವ, ತಪ್ಪಲೆಯ ಒಳಗೆ ಕೆಂಪು ಕಾಣುತ್ತಿದೆ," ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಲಾಯಿಗಾರನಿಗೇ ಕಲಾಯಿ ಕಲಿಸಲು ಬಂದೆಯಾ ತಾಯಿ?" ಅವಳು ಮತ್ತೆ ಬಾಯಿ ಬಿಡಲಿಲ್ಲ.

ಸೊಸೆ ಪುಂಡಿಪಲ್ಯ ಚೆನ್ನಾಗಿ ಮಾಡುತ್ತಿದ್ದಳು. ಹುಳಿ ಸೊಪ್ಪಿನ ಆ ಪಲ್ಯ ಮರುದಿನಕ್ಕೆ ಇನ್ನೂ ರುಚಿ. ಮನೆಯವರಿಗೆ ಅದರದೇ ಹುಚ್ಚು ಹಿಡಿಯಿತು. ಸಂಜೆ ಮಾಡಿ ಬೆಳಗಿನವರೆಗೆ ತಪ್ಪಲೆಯಲ್ಲೇ ಇಡು ಎಂದು ಅವರೇ ಹೇಳಿದರು.

ಹತ್ತು ದಿನ ಕಳೆಯಲಿಲ್ಲ. ಅತ್ತೆ ಬಾವಿಯ ಬಳಿ ತಲೆ ಸುತ್ತಿ ಬಿದ್ದು ಕೈ ಮುರಿದುಕೊಂಡಳು. ಮಗ ಕುಲುಮೆಯ ಮುಂದೆ ಕಣ್ಣು ಕತ್ತಲಿಟ್ಟು ಕೆಂಡಕ್ಕೆ ಕೈಯಿಟ್ಟ. ಕೊನೆಯ ಮಗಳು, ಆರು ವರ್ಷದ ಕೂಸು, ವಾಂತಿ ಮಾಡಿಕೊಂಡು ಮಲಗಿತು. ಕಲಾಯಿಗಾರನೂ ಹಾಸಿಗೆ ಹಿಡಿದ. ಅಯ್ಯೋ, ಇದೇನಾಯಿತು ಎಂದು ಮನೆಯವರೆಲ್ಲ ದಿಕ್ಕೆಟ್ಟರು. ನೋಡಿದರೆ ಸೊಸೆ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾಳೆ! ಅಷ್ಟು ಸಾಕಾಯಿತು. ಇದೆಲ್ಲ ಅವಳ ಕಾಲ್ಗುಣವೇ ಎಂದ ಕಲಾಯಿಗಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಸೀರೆ ಗಂಟು ಕಟ್ಟಿ ತವರಿಗೆ ಅಟ್ಟಿದರು. ಗಂಡ ತಲೆ ಎತ್ತಲಿಲ್ಲ.

ಅವಳು ಹೋದ ವಾರದೊಳಗೆ ಎಲ್ಲರೂ ಎದ್ದು ಕೂತರು! ಕೈ ಮುರಿದ ಅತ್ತೆ ದೊಡ್ಡ ತಪ್ಪಲೆ ಎತ್ತಲಾರದೆ ಮಣ್ಣಿನ ಗಡಿಗೆಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ನೋಡಿದಿರಾ? ನಾನು ಹೇಳಿರಲಿಲ್ಲವೆ?" ಎಂದ ಕಲಾಯಿಗಾರ.

ಎರಡು ತಿಂಗಳಲ್ಲಿ ಅತ್ತೆಯ ಕೈ ಕೂಡಿತು. ಕೂಸು, "ಅತ್ತಿಗೆ ಮಾಡುತ್ತಿದ್ದ ಪುಂಡಿಪಲ್ಯ ಬೇಕು," ಎಂದು ರಚ್ಚೆ ಹಿಡಿಯಿತು. ತಾಯಿ ಮಾಡಿ ತಪ್ಪಲೆಯಲ್ಲೇ ಇಟ್ಟಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೂಸೇ ಉಂಡಿತು. ಮಧ್ಯಾಹ್ನಕ್ಕೆ ಕಣ್ಣು ಮೇಲಾಯಿತು.

ವೈದ್ಯ ಬಂದ. ಮಗು ಕಾರಿದ್ದನ್ನು ನೋಡಿದ. ಹಸಿರಾಗಿತ್ತು. "ಯಾವ ಪಾತ್ರೆಯಲ್ಲಿ ಮಾಡಿದಿರಿ, ತನ್ನಿ," ಎಂದ.

ಕಲಾಯಿಗಾರ ತಾನೇ ಹೋಗಿ ತಪ್ಪಲೆ ತಂದ. ಬೆಳಕಿಗೆ ಹಿಡಿದ. ತಳವೆಲ್ಲ ಕೆಂಪು, ಅಂಚಿಗೆ ಹಸಿರು ಕಿಲುಬು. ತಪ್ಪಲೆ ಕೈಜಾರಿ ಬಿತ್ತು. ವಿಷ ಹಾಕುತ್ತೀಯಾ ಎಂದು ಊರಿಗೆಲ್ಲ ಗದರಿದವನು ಅವನೇ ಅಲ್ಲವೆ?

ಮೂರು ದಿನ ಹೋರಾಡಿ ಮಗು ಉಳಿಯಿತು. ನಾಲ್ಕನೇ ದಿನ ಅವನು ಬೀಗರ ಬಾಗಿಲಲ್ಲಿ ನಿಂತು ಕೈಮುಗಿದ. "ತಪ್ಪಾಯಿತು ತಾಯಿ. ಆದರೆ ಒಂದು ಹೇಳು. ನಾವೆಲ್ಲ ಅದೇ ತಪ್ಪಲೆಯದು ತಿಂದು ಬಿದ್ದೆವು. ನಿನಗೇಕೆ ಏನೂ ಆಗಲಿಲ್ಲ?"

ಸೊಸೆ ಹೊಸ್ತಿಲ ಒಳಗೇ ನಿಂತಿದ್ದಳು.

"ನೀವೆಲ್ಲ ಉಂಡು ಎದ್ದ ಮೇಲೆ ನನಗೆ ಅದು ಉಳಿದದ್ದು ಯಾವತ್ತು, ಮಾವ? ರೊಟ್ಟಿಗೆ ಉಪ್ಪುಖಾರ ಹಚ್ಚಿಕೊಂಡು ಉಂಡೆ. ಒಂದು ದಿನವೂ ನೀವು ಕೇಳಲಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಪಣ್ಣ ತುಟಿ ಒದ್ದೆ ಮಾಡಿಕೊಂಡ.

"ಆಮೇಲೆ? ಅವಳು ಮರಳಿ ಬಂದಳೆ?"

"ಅದು ಅವರ ಮನೆಯ ಮಾತು. ನಿಮ್ಮ ಮನೆಯ ಹುಡುಗಿ ಉಣ್ಣಲು ಕೂರುವಾಗ ಪಾತ್ರೆಯಲ್ಲಿ ಏನು ಉಳಿದಿರುತ್ತದೆ, ಪಂಪಣ್ಣ?"

ಪಂಪಣ್ಣನಿಗೆ ಅದು ಗೊತ್ತಿರಲಿಲ್ಲ.