ಇಲಿ ತೋಡಿದ ಹೊಂಡ

ಕಡಲ ನಟ್ಟನಡುವೆ ಒಂದು ಪುಟ್ಟ ದ್ವೀಪದಲ್ಲಿ ಒಂದು ಇಲಿ, ಒಂದು ಮುದಿ ಏಡಿ, ಮೂರು ಮರಿಗಳ ತಾಯಿಯಾದ ಹುಂಡುಕೋಳಿ ಎಂಬ ನೀರುಹಕ್ಕಿ ಅಕ್ಕಪಕ್ಕದಲ್ಲೇ ವಾಸವಾಗಿದ್ದವು. ಆ ದ್ವೀಪದಲ್ಲಿ ಬೆಟ್ಟವಿರಲಿಲ್ಲ, ಹೊಳೆಯಿರಲಿಲ್ಲ. ಸುತ್ತ ಹವಳದ ಬಂಡೆ, ನಡುವೆ ಬಿಳಿ ಮರಳು, ಒಂದಿಷ್ಟು ತೆಂಗು, ಕೇದಗೆ, ಅಷ್ಟೇ. ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುತ್ತಿತ್ತು. ತೆಂಗಿನ ನೆರಳಲ್ಲಿದ್ದ ಒಂದು ಸಿಹಿನೀರಿನ ಹೊಂಡವೇ ಎಲ್ಲರಿಗೂ ಆಸರೆ.

ಒಂದು ಬೇಸಿಗೆಯಲ್ಲಿ ಹೊಂಡದ ನೀರು ಬೊಗಸೆಯಷ್ಟಾಯಿತು. ಎಲ್ಲವೂ ಸರದಿಯಂತೆ ಸ್ವಲ್ಪ ಸ್ವಲ್ಪ ಕುಡಿಯತೊಡಗಿದವು. ಇಲಿಗೆ ಅದು ಸಾಲಲಿಲ್ಲ. ಇವರೆಲ್ಲ ತೊಲಗಿದರೆ ನೀರೆಲ್ಲ ನನಗೇ ಎಂದುಕೊಂಡಿತು.

"ಅಕ್ಕಾ," ಎಂದು ಹುಂಡುಕೋಳಿಯ ಬಳಿ ಬಂತು. "ಈ ಅಮಾವಾಸ್ಯೆಗೆ ಕಡಲು ಉಕ್ಕಿ ದ್ವೀಪವನ್ನೇ ನುಂಗುತ್ತದಂತೆ. ಪಕ್ಕದ ಮರಳುದಿಬ್ಬ ಎತ್ತರದಲ್ಲಿದೆ. ಕಡಲ ಇಳಿತದ ಹೊತ್ತಿಗೆ ಹವಳದ ಮೇಲೆ ನಡೆದೇ ಹೋಗಬಹುದು."

"ನೀನು ಬರುವುದಿಲ್ಲವೇನೋ?"

"ನಾನು ಹೊಂಡ ಕಾಯುತ್ತೇನೆ. ನೀನು ಮರಿಗಳನ್ನು ಉಳಿಸಿಕೊ."

ಹುಂಡುಕೋಳಿ ಮರಿಗಳ ಮುಖ ನೋಡಿ ನಂಬಿಬಿಟ್ಟಿತು. ಏಡಿಯಜ್ಜಿಗೆ ಅನುಮಾನವಿತ್ತು. ಆದರೂ ಮರಿಗಳನ್ನು ಹಾಗೇ ಕಳಿಸಲು ಮನಸ್ಸು ಬಾರದೆ ಅದೂ ಜೊತೆಗೆ ಹೊರಟಿತು.

ಅವು ಅತ್ತ ಹೋಗುತ್ತಲೇ ಇಲಿ ಹೊಂಡವನ್ನು ಒಂದೇ ಉಸಿರಿಗೆ ಕುಡಿದು ಬರಿದು ಮಾಡಿತು. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂದು ಇಡೀ ದಿನ ತೋಡಿತು. ಸಂಜೆಗೆ ನೀರು ಬುಳುಬುಳು ಉಕ್ಕಿತು. ಬಾಯಿಟ್ಟರೆ ಉಪ್ಪು. ಇನ್ನೂ ತೋಡಿತು. ಇನ್ನೂ ಉಪ್ಪು.

ಅತ್ತ ಮರಳುದಿಬ್ಬದಲ್ಲಿ ಹನಿ ನೀರೂ ಇರಲಿಲ್ಲ. ಮರಿಗಳ ದನಿ ಉಡುಗಿತು. ಮರುದಿನ ಇಳಿತವಾಗುತ್ತಲೇ ಎಲ್ಲವೂ ಹಿಂದಿರುಗಿದವು. ಇಲಿ ನಾಲಗೆ ಒಣಗಿ ಹೊಂಡದ ಅಂಚಿನಲ್ಲಿ ಬಿದ್ದಿತ್ತು.

"ಏನು ಮಾಡಿಕೊಂಡೆ ಮಗಾ?" ಎಂದಿತು ಏಡಿಯಜ್ಜಿ.

ಇಲಿ ತನ್ನ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ ಹೇಳಿಬಿಟ್ಟಿತು.

"ನಮ್ಮ ಕಾಲ ಕೆಳಗೂ ಕಡಲೇ ಇದೆಯಪ್ಪಾ," ಎಂದಿತು ಅಜ್ಜಿ. "ಮರಳಿಗಿಳಿದ ಮಳೆನೀರು ಆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ನೀನು ಅದನ್ನೂ ದಾಟಿ ಕಡಲಿಗೇ ತೋಡಿದೆ."

"ಇವನನ್ನು ಇಲ್ಲಿಂದ ಓಡಿಸಜ್ಜಿ," ಎಂದಿತು ಹುಂಡುಕೋಳಿ ಸಿಟ್ಟಿನಿಂದ.

"ಎಲ್ಲಿಗೆ ಓಡಿಸಲಿ ಮಗಳೇ? ಸುತ್ತಲೂ ಕಡಲು, ಆ ದಿಬ್ಬದಲ್ಲಿ ಹನಿ ನೀರಿಲ್ಲ. ಇಲ್ಲೇ ಇಟ್ಟುಕೊಂಡು ತಿದ್ದಬೇಕು."

ಏಡಿಯಜ್ಜಿ ಕೇದಗೆ ಮೆಳೆಯ ಬಳಿ ಮರಳನ್ನು ಮೆಲ್ಲಗೆ ಕೆರೆಯಿತು. ಗೇಣಾಳಕ್ಕೆ ತೇವ ಸಿಕ್ಕಿತು. ಇನ್ನೊಂದು ಗೇಣಿಗೆ ಸಿಹಿನೀರು ಜಿನುಗಿತು. ಅಜ್ಜಿ ಅಲ್ಲಿಗೇ ನಿಲ್ಲಿಸಿತು. ಮರಿಗಳು ಮೊದಲು ಕುಡಿದವು. ಇಲಿಗೆ ತಾನು ತೋಡಿದ ಹೊಂಡವನ್ನು ಮುಚ್ಚುವ ಕೆಲಸ ಬಿತ್ತು. ಉಪ್ಪು ಮರಳು ತಳ್ಳಿ ತಳ್ಳಿ ಅದರ ಪಾದಗಳು ಉರಿದವು. ಯಾರನ್ನೂ ನೀರು ಕೇಳುವ ಮುಖ ಅದಕ್ಕಿರಲಿಲ್ಲ.

ಕೊನೆಗೆ ಚಿಕ್ಕ ಮರಿ ಹತ್ತಿರ ಬಂದು, "ಮಾವಾ, ನಿನ್ನ ಸರದಿ," ಎಂದಿತು.

ಇಲಿ ಒಂದೇ ಗುಟುಕು ಕುಡಿದು ಪಕ್ಕಕ್ಕೆ ಸರಿಯಿತು.

ನೀತಿ: ಎಲ್ಲರ ಪಾಲನ್ನೂ ಕಬಳಿಸಲು ಹೊರಟವನಿಗೆ ತನ್ನ ಪಾಲೂ ದಕ್ಕುವುದಿಲ್ಲ.