ತೂಕಕ್ಕೆ ಹೆದರಿದ ಬೆಲ್ಲದ ವ್ಯಾಪಾರಿ

“ಗುರುಗಳೇ, ಸುಳ್ಳು ಹೇಳುವ ರೋಗಿಯನ್ನು ಕಾಯುವುದು ಹೇಗೆ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಅಡವಯ್ಯ. ಮಠದ ಹಿರಿಯರಾದ ಗುರುಸಿದ್ಧಯ್ಯನವರ ಎರಡೂ ಕಿಡ್ನಿಗಳು ಕೈಕೊಟ್ಟು ಒಂದು ವರ್ಷವಾಗಿತ್ತು. ಅವರನ್ನು ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು, ಉಳಿದ ದಿನ ಮಠದಲ್ಲಿ ನೋಡಿಕೊಳ್ಳುವುದು ಅಡವಯ್ಯನ ಪಾಲಿಗೆ ಬಂದ ಸೇವೆ. ತಂದೆ ತಾಯಿ ಇಲ್ಲದೆ ಮಠಕ್ಕೆ ಬಂದಿದ್ದ ಅವನಿಗೆ ಅಕ್ಷರ ತಿದ್ದಿಸಿದವರು ಅವರೇ.

“ದಿನಕ್ಕೆ ನಾಲ್ಕೇ ಲೋಟ ನೀರು ಎಂದು ಡಾಕ್ಟರು ಹೇಳಿದ್ದಾರೆ. ನಾನು ಅಳೆದು ಕೊಡುತ್ತೇನೆ. ಇವತ್ತು ನೋಡಿದರೆ ಪೂಜೆಯ ತಂಬಿಗೆ ಬರಿದಾಗಿತ್ತು. ಕೇಳಿದೆ. ಕುಡಿದಿಲ್ಲ ಎಂದರು. ಗಡ್ಡದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಇನ್ನೂ ಬಿಗಿ ಮಾಡಲೇ? ಮಾಡದಿದ್ದರೆ ಅವರು ನನಗೆ ಉಳಿಯುವುದಿಲ್ಲ.”

“ಮೊದಲು ಕುಳಿತುಕೋ,” ಎಂದರು ಗುರುಗಳು. “ನಿಂತವನ ಸಿಟ್ಟು ಬೇಗ ಇಳಿಯುವುದಿಲ್ಲ.”

ಅಡವಯ್ಯ ಕುಳಿತ. ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ನಲವತ್ತು ವರ್ಷ ತೂಕದ ಕಾಟಾದ ಪಕ್ಕದಲ್ಲೇ ಕೂತವನು. ಬೆಲ್ಲದ ಪೆಂಟೆ ಕಾಟಾ ಏರಿದರೆ ಮುಳ್ಳು ನಿಲ್ಲುವ ಮೊದಲೇ ತೂಕ ಹೇಳುತ್ತಿದ್ದ. ತೂಗುವಾಗ ಯಾರು ಹೆಬ್ಬೆರಳು ಒತ್ತುತ್ತಾರೆ, ಯಾರು ಚೀಲದ ತುದಿಯನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಾರೆ ಎಂಬುದೆಲ್ಲ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ತಾನು ಮಾತ್ರ ಒಂದು ದಿನವೂ ತೂಕದಲ್ಲಿ ಕೈಯಾಡಿಸಿದವನಲ್ಲ. ಪೇಟೆಯಲ್ಲಿ ಅವನಿಗೆ ಆ ಹೆಸರಿತ್ತು. ವ್ಯಾಪಾರಿಗಳಲ್ಲಿ ಅಂಥವರೂ ಇರುತ್ತಾರೆ, ನಗಬೇಡ.

ಅವನ ಕಿಡ್ನಿಗಳು ಕೆಟ್ಟವು. ಮುಂದಿನದು ನಿನಗೆ ಗೊತ್ತಿರುವುದೇ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಅದನ್ನು ಯಂತ್ರವೇ ತೆಗೆಯಬೇಕು. ಎಷ್ಟು ತೆಗೆಯಬೇಕೆಂದು ತಿಳಿಯಲು ಯಂತ್ರಕ್ಕೆ ಹಚ್ಚುವ ಮೊದಲು ಒಮ್ಮೆ, ಬಿಡಿಸಿದ ಮೇಲೆ ಒಮ್ಮೆ ರೋಗಿಯನ್ನು ತೂಗುತ್ತಾರೆ. ನೀರು ಸೇರದ ಅವನ ತೂಕ ಅರವತ್ತು ಕಿಲೋ ಎಂದು ಡಾಕ್ಟರು ಗೊತ್ತುಮಾಡಿದ್ದರು. ಅದಕ್ಕಿಂತ ಹೆಚ್ಚು ಬಂದದ್ದೆಲ್ಲ ನೀರು. ಎರಡು ಕಿಲೋ ಹೆಚ್ಚಿದ್ದರೆ ನಡೆಯುತ್ತದೆ. ನಾಲ್ಕು ಎಂದರೆ ಅಪಾಯ.

ಮನೆಯಲ್ಲಿ ಇದ್ದವರು ಹೆಂಡತಿ ಮತ್ತು ಮಗ. ಇಬ್ಬರಿಗೂ ಅವನೆಂದರೆ ಜೀವ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ರೋಗ ಬಂದವನ ಮನೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರೂ ಊಟ ಬಲ್ಲವರೇ. ಹೆಂಡತಿ ನೀರಿನ ಕೊಡದ ಪಕ್ಕ ಮಣೆ ಹಾಕಿಕೊಂಡು ಕೂತಳು. ಮಗ, ತಂದೆ ಬಚ್ಚಲಿಗೆ ಹೋದರೆ ಹಿಂದೆಯೇ ಹೋಗಿ ಬಾಗಿಲಿಗೆ ಕಿವಿಗೊಟ್ಟು ನಲ್ಲಿಯ ಸದ್ದು ಕೇಳುತ್ತಿದ್ದ. ಆಸ್ಪತ್ರೆಯಲ್ಲಿ ಕಾಟಾಕ್ಕೆ ಅಂಟಿಕೊಂಡೇ ನಿಂತು ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಮೂರೂವರೆ ಕಿಲೋ ಹೆಚ್ಚು ಬಂದ ದಿನ ವಾರ್ಡಿನ ಹತ್ತು ಹಾಸಿಗೆಯವರಿಗೂ ಕೇಳುವಂತೆ ತಂದೆಯನ್ನು ಬೈಯುತ್ತಿದ್ದ. ಮನೆಗೆ ಬಂದರೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅವರು ಕೆಟ್ಟವರಲ್ಲ, ಹೆದರಿದವರು. ಹೆದರಿದವರು ಕೆಟ್ಟವರಿಗಿಂತ ಹೆಚ್ಚು ಕೂಗಾಡುತ್ತಾರೆ.

ಎರಡು ತಿಂಗಳಾದ ಮೇಲೆ ವ್ಯಾಪಾರಿಯ ತೂಕ ಹಿಡಿತಕ್ಕೆ ಬಂತು. ಒಮ್ಮೆ ಎರಡು ಕಿಲೋ ಹೆಚ್ಚು, ಇನ್ನೊಮ್ಮೆ ಒಂದೂಮುಕ್ಕಾಲು. ಮಗ ಎದೆಯುಬ್ಬಿಸಿಕೊಂಡು ಬೇರೆ ರೋಗಿಗಳ ಮನೆಯವರಿಗೆ ಬುದ್ಧಿ ಹೇಳತೊಡಗಿದ. ಬಿಗಿ ಹಿಡಿಯದಿದ್ದರೆ ಈ ರೋಗಕ್ಕೆ ಮದ್ದಿಲ್ಲ ಎಂದ. ಹೆಂಡತಿ ಹನುಮಪ್ಪನಿಗೆ ಕಾಯಿ ಒಡೆಸಿ ಬಂದಳು.

ಆ ವಾರ್ಡಿನಲ್ಲಿ ಒಬ್ಬ ನರ್ಸ್ ಇದ್ದಳು. ಮಾತು ಕಡಿಮೆ, ಕಣ್ಣು ಚುರುಕು. ವ್ಯಾಪಾರಿಯ ಮುಂಗಾಲಿನ ಮೇಲೆ ಆಕೆ ಹೆಬ್ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು, ಅದು ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಿ.ಪಿ. ಏರುತ್ತಲೇ ಇತ್ತು. ಕಾಲು ನೀರಿದೆ ಎನ್ನುತ್ತಿತ್ತು, ಕಾಟಾ ಇಲ್ಲ ಎನ್ನುತ್ತಿತ್ತು. ಆಕೆ ಕಾಟಾವನ್ನೇ ಅನುಮಾನಿಸಿದಳು. ಇಪ್ಪತ್ತು ಕಿಲೋದ ತೂಕದ ಕಲ್ಲು ತರಿಸಿ ಇಟ್ಟು ನೋಡಿದಳು. ಸರಿಯಾಗಿ ಇಪ್ಪತ್ತು ತೋರಿಸಿತು. ಮನುಷ್ಯನನ್ನು ಅನುಮಾನಿಸಲು ಅವಳಿಗೆ ಮನಸ್ಸು ಬರಲಿಲ್ಲ. ನಲವತ್ತು ವರ್ಷದ ಹೆಸರು ಅಡ್ಡ ನಿಂತಿತ್ತು. ಒಳ್ಳೆಯ ಹೆಸರಿನಿಂದ ಆಗುವ ತೊಂದರೆಯೂ ಒಂದಿದೆ ನೋಡು.

ಒಂದು ಬೆಳಿಗ್ಗೆ ವ್ಯಾಪಾರಿಗೆ ಉಸಿರು ಕಟ್ಟಿತು. ಮಲಗಲಾಗದೆ ಎದ್ದು ಕೂತ. ಕೂತರೂ ಗಾಳಿ ಸಾಲಲಿಲ್ಲ. ತುಟಿ ಕಪ್ಪಿಟ್ಟಿತು. ಮಗ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ತೆಗೆಯದೆ ಉಳಿದಿದ್ದ ನೀರು ಶ್ವಾಸಕೋಶಕ್ಕೆ ಏರಿತ್ತು. ನಡುಮನೆಯಲ್ಲಿ ಕೂತಿದ್ದವನು ಮುಳುಗುತ್ತಿದ್ದ. ಡಾಕ್ಟರು ಮತ್ತು ಆ ನರ್ಸ್ ಕೂಡಲೇ ಯಂತ್ರಕ್ಕೆ ಹಚ್ಚಿ ಅವನನ್ನು ಉಳಿಸಿದರು. ಅರ್ಧ ಗಂಟೆ ತಡವಾಗಿದ್ದರೆ ನಾನು ಈ ಕತೆಯನ್ನು ಇಲ್ಲಿಗೇ ಮುಗಿಸಬೇಕಾಗುತ್ತಿತ್ತು.

ಮುಂದಿನ ಸರದಿಯಲ್ಲಿ ನರ್ಸ್ ಅಂಕಿಯನ್ನು ನೋಡುವುದು ಬಿಟ್ಟು ಅವನನ್ನೇ ನೋಡುತ್ತ ನಿಂತಳು. ಆತ ಕಾಟಾ ಏರಿದ. ಕಾಯಿಲೆ ಬಿದ್ದಂದಿನಿಂದ ಕೈಯಲ್ಲೇ ಇರುತ್ತಿದ್ದ ಊರುಗೋಲನ್ನು ಪಕ್ಕದ ನೆಲಕ್ಕೆ ಊರಿ, ಅದರ ಮೇಲೆ ಮೈಭಾರ ಬಿಟ್ಟ. ಬೆರಳ ಗೆಣ್ಣುಗಳು ಬಿಳಿಚಿಕೊಂಡವು. ಇಷ್ಟು ದಿನವೂ, ಎರಡೂ ಹೊತ್ತಿನ ತೂಕಕ್ಕೂ, ಆತ ಮಾಡಿದ್ದು ಇದನ್ನೇ. ಕಾಟಾ ಬಲ್ಲವನಿಗೆ ಕಾಟಾವನ್ನು ವಂಚಿಸುವುದು ಎಷ್ಟರ ಕೆಲಸ?

ಆಕೆ ಕೂಗಾಡಲಿಲ್ಲ. ಕೈ ಚಾಚಿ ಕೋಲನ್ನು ತೆಗೆದುಕೊಂಡಳು. ಅಂಕಿ ಒಮ್ಮೆಲೇ ಮೂರು ಕಿಲೋ ಮೇಲೆ ಹೋಯಿತು. ಮಗ ಓದಲು ಬಗ್ಗುವಷ್ಟರಲ್ಲಿ ತನ್ನ ಅಂಗೈಯನ್ನು ಅದರ ಮೇಲೆ ಇಟ್ಟಳು. ಮಗನನ್ನು ಔಷಧದ ಅಂಗಡಿಗೆ ಕಳಿಸಿದಳು. ಸೂಜಿ ಹಚ್ಚಿ, ಯಂತ್ರ ತಿರುಗತೊಡಗಿದ ಮೇಲೆ ಸ್ಟೂಲು ಎಳೆದುಕೊಂಡು ವ್ಯಾಪಾರಿಯ ಪಕ್ಕ ಕೂತಳು.

“ಸಾವ್ಕಾರ್ರ, ಬ್ಯಾರೇದವರು ತೂಕದಾಗ ಮೋಸ ಮಾಡಿದ್ರ ನೀವು ಹಿಡೀತಿದ್ರಂತ. ನೀವ್ಯಾಕ ಹಿಂಗ ಮಾಡಿದ್ರಿ?”

ವ್ಯಾಪಾರಿ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡ. ಆಮೇಲೆ ಹೇಳಿದ. “ನಾಕ ತಾಸು ಸೂಜಿ ತಡಕೋತೀನವ್ವಾ. ಮಗನ ಸಿಟ್ಟಿನ ಮಾರಿ ನೋಡಿ ತಡಕೊಳ್ಳಾಕ ಆಗವಲ್ದು. ಕುಡಿದೆ ಅಂದ್ರ ಬೈತಾನ. ಕುಡಿದಿಲ್ಲ ಅಂದ್ರ ಕಾಟಾ ಹೇಳಿಬಿಡತೈತಿ. ಅದಕ್ಕ ಅದರ ಬಾಯಿ ಮುಚ್ಚಿಸಿದೆ.”

“ನೀರಡಿಕಿ ಅಷ್ಟ್ಯಾಕ ಆಗತೈತ್ರಿ? ಊಟಕ್ಕ ಏನ ಉಣ್ಣತೀರಿ?”

ಅದನ್ನು ಆ ತನಕ ಯಾರೂ ಕೇಳಿರಲಿಲ್ಲ. ಆತ ಒಂದೊಂದಾಗಿ ಹೇಳಿದ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಹೆಂಡತಿ ಸಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದ್ದಳು. ಗಂಡ ಸಪ್ಪೆ ಉಣ್ಣುವುದನ್ನು ನೋಡಿ ಅವಳ ಕರುಳು ಚುರ್ ಎಂದಿತ್ತು. ನಾಲಿಗೆಗೆ ರುಚಿಯಾದರೂ ಇರಲಿ ಎಂದು ತಾಟಿನ ತುಂಬ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಡಿಸುತ್ತಿದ್ದಳು. ಅವುಗಳಲ್ಲಿ ಇರುವುದೂ ಉಪ್ಪೇ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನೀರಿನ ಕೊಡಕ್ಕೆ ಹಗಲೆಲ್ಲ ಕಾವಲು, ಉಪ್ಪಿನಕಾಯಿ ಭರಣಿಗೆ ಹೇಳುವವರು ಕೇಳುವವರು ಇಲ್ಲ. ಒಂದು ಕೈ ಬಾಯಾರಿಕೆ ಹುಟ್ಟಿಸುತ್ತಿತ್ತು, ಇನ್ನೊಂದು ಕೈ ಲೋಟ ಕಸಿಯುತ್ತಿತ್ತು. ಎರಡೂ ಪ್ರೀತಿಯ ಕೈಗಳೇ.

ನರ್ಸ್ ಹೆಂಡತಿಯನ್ನು ಕರೆಸಿ ಕೂರಿಸಿಕೊಂಡಳು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ ತಾಯಿ ಎಂದಳು. ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ, ಅವರಿಗೆ ನೀರಡಿಕೆ ಮಾಡಿದವಳು ನಾನೇ ಏನು ಎಂದು ಕೇಳಿದಳು. ನರ್ಸ್ ಹೌದು ಎನ್ನಲಿಲ್ಲ, ಅಲ್ಲ ಎಂದು ಸಮಾಧಾನವನ್ನೂ ಹೇಳಲಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಜೀರಿಗೆ ಹಾಕಲು, ಪಲ್ಯಕ್ಕೆ ಒಂದು ಹನಿ ನಿಂಬೆ ಹಿಂಡಲು ಹೇಳಿಕೊಟ್ಟಳು. ದೊಡ್ಡ ಲೋಟ ಎತ್ತಿಟ್ಟು ಚಹಾದ ಸಣ್ಣ ಕಪ್ಪಿನಲ್ಲಿ ನೀರು ಕೊಡಲು, ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳಿಸಲು ಕಲಿಸಿದಳು. ಸೇವೆ ಎಂದರೆ ಇಂಥ ಸಣ್ಣ ಸಣ್ಣ ಸಂಗತಿಗಳೇ. ದೊಡ್ಡ ಮಾತುಗಳೆಲ್ಲ ನಮ್ಮ ಪ್ರವಚನಕ್ಕೆ.

ಮಗನಿಗೆ ಆಕೆ ಹೇಳಿದ್ದು ಒಂದೇ. ಕಾಟಾದ ಹತ್ತಿರ ಬರಬೇಡಿ. ಅಂಕಿ ಬೇಕಾಗಿರುವುದು ಯಂತ್ರಕ್ಕೆ, ನಿಮ್ಮ ಸಿಟ್ಟಿಗಲ್ಲ. ಮಗ ಕೆರಳಿದ. ನಾನು ಕಾಯದಿದ್ದರೆ ಯಾರು ಕಾಯುತ್ತಾರೆ ಎಂದ. ನೀವು ಇಷ್ಟು ದಿನ ಕಾದ ಚೆಂದ ಮೊನ್ನೆ ಬೆಳಿಗ್ಗೆ ಕಂಡೆವಲ್ಲ ಎಂದಳು ಆಕೆ. ಮುಂದಿನ ಸರದಿಯಿಂದ ಮಗ ಕಾಟಾದ ಹತ್ತಿರ ಬರಲಿಲ್ಲ.

ವಾರಗಳು ಕಳೆದವು. ಉಪ್ಪು ಇಳಿಯಿತು, ಬಾಯಾರಿಕೆಯೂ ಇಳಿಯಿತು. ಹಾಗೆಂದು ವ್ಯಾಪಾರಿ ಋಷಿಯಾಗಲಿಲ್ಲ. ಒಂದು ಸಂಜೆ, ನೆಂಟರ ಮನೆಯ ಬಸುರಿ ಹೆಣ್ಣಿನ ಕುಬಸದಿಂದ ಬಂದವನು, ಯಾರೂ ಕೇಳದೆ ತಾನಾಗಿಯೇ ಮಗನ ಎದುರು ಬಂದು ನಿಂತ. ಇವತ್ತು ಎರಡು ಲೋಟ ಪಾನಕ ಕುಡಿದೆ ಎಂದ.

ಮಗ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಹಿತ್ತಲಿಗೆ ಹೋದ. ತಣ್ಣೀರಿನಲ್ಲಿ ಮುಖ ತೊಳೆದುಕೊಂಡ, ಒಂದಲ್ಲ ಮೂರು ಸಲ. ಒಳಗೆ ಬಂದು ತಂದೆಯ ಪಕ್ಕ ಕೂತ.

“ಆತು ಬಿಡಪ್ಪಾ. ನಾಳೆ ಸಿಸ್ಟರಿಗೆ ಹೇಳೂಣು,” ಎಂದ.

ಮರುದಿನ ವ್ಯಾಪಾರಿ ಬರಿಗೈಯಲ್ಲಿ ಕಾಟಾ ಏರಿದ. ಅಂಕಿಯನ್ನು ತಾನೇ ಓದಿ ಹೇಳಿದ. ಮೂರೂಕಾಲು ಹೆಚ್ಚಿತ್ತು. ನರ್ಸ್ ಡಾಕ್ಟರನ್ನು ಕೇಳಿ ಯಂತ್ರವನ್ನು ಅರ್ಧ ಗಂಟೆ ಹೆಚ್ಚು ನಡೆಸಿದಳು. ಆತ ಎದೆ ತುಂಬ ಉಸಿರೆಳೆದುಕೊಂಡು ಮನೆಗೆ ಹೋದ. ಕೆಟ್ಟ ಕಿಡ್ನಿಗಳು ಮರಳಿ ಬರಲಿಲ್ಲ, ಯಂತ್ರ ತಪ್ಪಲಿಲ್ಲ. ಆದರೂ ಆತ ಬಹಳ ವರ್ಷ ಬದುಕಿದ. ಯಂತ್ರವಿಲ್ಲದ ದಿನ ಅಂಗಡಿಯಲ್ಲಿ ಕೂತು ಬೆಲ್ಲ ತೂಗಿದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ, “ಹಾಗಾದರೆ ನಾನು ಇನ್ನು ಅವರ ಕಾವಲು ಬಿಡಬೇಕೇ?” ಎಂದು ಕೇಳಿದ.

“ಬಿಡಬೇಡ, ಆದರೆ ಅವರು ‘ಕುಡಿದೆ’ ಎಂದು ನಿಜ ಹೇಳುವ ದಿನ, ಅಡವಯ್ಯ, ನಿನ್ನ ಮುಖವನ್ನು ಕಾದುಕೋ.”