ಸೈಕಲ್ ಕಡ್ಡಿಯ ಹಿಡಿತ

ಜಗತ್ತಿನ ಮೊದಲ ಸ್ವೆಟರ್ ಹೆಣೆದವನು ನಾನೇ. ಸುಳ್ಳು ಬಿಡಿ, ನನಗೆ ಕಿತ್ತುಹೋದ ಗುಂಡಿ ಹಚ್ಚಲೂ ಬರುವುದಿಲ್ಲ. ಹೆಣೆಯುತ್ತಿದ್ದವಳು ಅಂಬುಜಮ್ಮ. ಆಕೆಯ ಜೋಡಿ ಕಡ್ಡಿಗಳಲ್ಲಿ ಒಂದು ಕಳೆದುಹೋಯಿತು. ತೀರಿಹೋದ ಗಂಡನ ಸೈಕಲ್ ಗುಜರಿಗೆ ಹೋದಾಗ ಎತ್ತಿಟ್ಟುಕೊಂಡಿದ್ದ ಎರಡು ಕಡ್ಡಿಗಳಲ್ಲಿ ಒಂದರ ತುದಿ ಉಜ್ಜಿ, ಮಗಳ ಸ್ವೆಟರ್ ಮುಂದುವರಿಸಿದಳು. ಈ ಕೈಯೂ ಬಿಟ್ಟರೆ ತನಗೂ ಗುಜರಿಯೇ ಗತಿ ಎಂದು ಸೈಕಲ್ ಕಡ್ಡಿಗೆ ಗೊತ್ತಿತ್ತು.

"ದೂರ ಸರಿ, ಕೆಸರು ತಿಂದವನೇ," ಎಂದಿತು ಹಳೆಯ ಹೆಣಿಗೆ ಕಡ್ಡಿ. "ಉಣ್ಣೆಯ ಮರ್ಯಾದೆ ನಿನಗೇನು ಗೊತ್ತು?"

"ಗೊತ್ತಿಲ್ಲ, ಅಕ್ಕಾ. ಯಜಮಾನರು ಮುಂದೆ ಮಗಳನ್ನು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಬಿಡದೆ ಹಿಡಿದುಕೊಂಡಿರುವುದೊಂದೇ ನಾನು ಕಲಿತದ್ದು."

"ಹಾಗಾದರೆ ನೀನೇ ಹಿಡಿದುಕೋ!" ಸಾಲು ಮುಗಿದು ಕುಣಿಕೆಗಳೆಲ್ಲ ಸೈಕಲ್ ಕಡ್ಡಿಗೆ ಬಂದೊಡನೆ ಹೆಣಿಗೆ ಕಡ್ಡಿ ಜಾರಿ ಮಂಚದಡಿ ಸೇರಿತು. ಸೈಕಲ್ ಕಡ್ಡಿ ಉಸಿರು ಬಿಗಿಹಿಡಿದು ಒಂದು ಕುಣಿಕೆಯನ್ನೂ ಬೀಳಗೊಡಲಿಲ್ಲ.

ಅಂಬುಜಮ್ಮ ನಕ್ಕಳು. "ನೋಡೇ ನಳಿನಿ, ನಿಮ್ಮಪ್ಪನ ಸೈಕಲ್ಲೂ ಹೀಗೇ. ಒಂದು ಕಡ್ಡಿ ಕಳಚಿದ್ರೂ ನಮ್ಮನ್ನ ಮನೆ ಮುಟ್ಟಿಸೋದು." ಎದ್ದು ಹೋಗಿ ಎರಡನೆಯ ಸೈಕಲ್ ಕಡ್ಡಿ ತಂದಳು. ಹೆಣಿಗೆ ಕಡ್ಡಿ ಈಗ ಇಡ್ಲಿ ಬೆಂದಿದೆಯೇ ಎಂದು ಚುಚ್ಚಿ ನೋಡುತ್ತದೆ.

ನಾನು ತೊಟ್ಟಿರುವುದು ಅದೇ ಸ್ವೆಟರ್. ನಂಬಿಕೆ ಬಾರದಿದ್ದರೆ ಬೇಡ, ನನ್ನ ಟೀ ದುಡ್ಡು ಮಾತ್ರ ಕೊಟ್ಟುಬಿಡಿ.